ರೋಂಡಾ ಮತ್ತು ಸುತ್ತಲಿನ ಬಿಳಿ ಊರುಗಳು: ಹೋಗುವುದು, ಉಳಿಯುವುದು, ನೋಡುವುದು ಹೇಗೆ

ರೋಂಡಾಕ್ಕೆ ಹೋಗುವ ಹೆಚ್ಚಿನವರು ಬೆಳಿಗ್ಗೆ ಹತ್ತೂವರೆಗೆ ಬಸ್ಸಿನಿಂದ ಇಳಿಯುತ್ತಾರೆ. ಸೇತುವೆ ಮೇಲೆ ನಿಂತು ಫೋಟೋ ತೆಗೆಯುತ್ತಾರೆ, ಊಟ ಮಾಡುತ್ತಾರೆ, ನಾಲ್ಕು ಗಂಟೆಗೆ ವಾಪಸ್ ಹೊರಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಊರಿನ ಒಳ್ಳೆಯ ಹೊತ್ತು ಎಂದರೆ ಆ ಬಸ್ಸುಗಳು ಬರುವ ಮುಂಚೆ ಮತ್ತು ಹೋದ ಮೇಲೆ. ಕೆಳಗೆ ಬರೆದಿರುವುದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ: ಇಲ್ಲಿ ಉಳಿಯಿರಿ, ಇಲ್ಲಿಂದ ಸುತ್ತಲಿನ ಊರುಗಳಿಗೆ ಹೋಗಿ ಬನ್ನಿ.

ರೋಂಡಾ ಇರುವುದು ಸ್ಪೇನ್ ದೇಶದ ದಕ್ಷಿಣದಲ್ಲಿ, ಆಂದಲೂಸಿಯಾದ ಮಾಲಗಾ ಜಿಲ್ಲೆಯಲ್ಲಿ. ಸಮುದ್ರಮಟ್ಟದಿಂದ 700 ಮೀಟರಿಗಿಂತ ಎತ್ತರದ ಬಂಡೆಯ ಮೇಲೆ ಊರು ಕೂತಿದೆ. ಆ ಬಂಡೆಯನ್ನು ಗ್ವಾದಲೆವಿನ್ ಎಂಬ ಸಣ್ಣ ನದಿ ಸೀಳಿಕೊಂಡು ಹೋಗಿದೆ. ಆ ಕಂದಕಕ್ಕೆ ಎಲ್ ತಾಹೊ ಎನ್ನುತ್ತಾರೆ. ಒಂದು ಕಡೆ ಮುಸ್ಲಿಂ ಅರಸರ ಕಾಲದ ಹಳೇ ಊರು, ಇನ್ನೊಂದು ಕಡೆ 1485ರಲ್ಲಿ ಕ್ರೈಸ್ತ ರಾಜರು ಗೆದ್ದ ನಂತರ ಬೆಳೆದ ಪೇಟೆ. ಇಡೀ ಬೆಟ್ಟಸಾಲಿನಲ್ಲಿ ಇಂಥ ಬಿಳಿ ಊರುಗಳು ಹರಡಿಕೊಂಡಿವೆ, ಅವುಗಳಿಗೆಲ್ಲ ಒಟ್ಟಾಗಿ ಪ್ವೆಬ್ಲೋಸ್ ಬ್ಲಾಂಕೋಸ್ ಎಂಬ ಹೆಸರಿದೆ.

1. ಯಾವಾಗ ಹೋಗಬೇಕು, ಎಷ್ಟು ದಿನ ಬೇಕು

ಏಪ್ರಿಲ್‌ನಿಂದ ಜೂನ್ ಮೊದಲ ವಾರದವರೆಗೆ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ. ಜುಲೈ, ಆಗಸ್ಟ್ ಬೇಡ. ಬಿಸಿಲು 35 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ಬೀದಿಯಲ್ಲಿ ನಡೆಯೋಕೆ ಆಗುವುದಿಲ್ಲ. ನಮಗೆ ಜೂನ್ ಅಂದರೆ ಮಳೆ ಅಲ್ವಾ, ಅಲ್ಲಿ ಲೆಕ್ಕ ತಿರುಗುಮುರುಗು. ಬೇಸಿಗೆ ಪೂರ್ತಿ ಒಣಗಿರುತ್ತದೆ, ಮಳೆ ಬರುವುದು ಶರತ್ಕಾಲದ ಕೊನೆ ಮತ್ತು ಚಳಿಗಾಲದಲ್ಲಿ. ಡಿಸೆಂಬರ್, ಜನವರಿಯಲ್ಲಿ ಹೋಗುವವರು ದಪ್ಪ ಜಾಕೆಟ್ ಒಯ್ಯಿರಿ, ರಾತ್ರಿ ಚಳಿ ಸೊನ್ನೆಯ ಹತ್ತಿರ ಹೋಗಬಹುದು.

ಸೆಪ್ಟೆಂಬರ್ ಮೊದಲ ಭಾಗದಲ್ಲಿ ಊರ ಜಾತ್ರೆ ಇರುತ್ತದೆ, ಈ ಊರಿನ ಹೆಸರಾಂತ ಗೂಳಿ ಕಾಳಗಗಾರ ಪೆದ್ರೊ ರೊಮೆರೊ ಹೆಸರಿನದು. ಗದ್ದಲ, ಕುದುರೆ ಗಾಡಿ, ಹಳೇ ಕಾಲದ ಉಡುಪು, ಎಲ್ಲ ಚೆನ್ನಾಗಿರುತ್ತದೆ. ಆದರೆ ಆಗ ರೂಮು ಸಿಗುವುದು ಕಷ್ಟ, ಸಿಕ್ಕರೂ ದರ ಜಾಸ್ತಿ.

ದಿನಗಳ ಲೆಕ್ಕ ಹೇಳಬೇಕೆಂದರೆ, ಕನಿಷ್ಠ ಎರಡು ರಾತ್ರಿ. ಮೂರಾದರೆ ಬಹಳ ಒಳ್ಳೆಯದು: ಒಂದು ದಿನ ಊರಿಗೆ, ಒಂದು ದಿನ ಬಿಳಿ ಊರುಗಳ ಸುತ್ತಿಗೆ, ಇನ್ನೊಂದು ದಿನ ರೈಲು ಹತ್ತಿ ಕಣಿವೆಗೆ.

2. ವೀಸಾ ಮತ್ತು ತಲುಪುವ ದಾರಿ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಶೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ದೊಡ್ಡವರಿಗೆ ಶುಲ್ಕ 90 ಯೂರೋ, ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ವಸಂತಕಾಲದಲ್ಲಿ ಹೋಗುವುದಾದರೆ ಅಪಾಯಿಂಟ್‌ಮೆಂಟಿಗಾಗಿ ಜನವರಿಯಲ್ಲೇ ಕೂತುಕೊಳ್ಳಿ. ಬೆಂಗಳೂರಿನಿಂದ ಕೊಲ್ಲಿ ದೇಶಗಳ ಮೂಲಕವೋ ಯುರೋಪಿನ ದೊಡ್ಡ ನಗರಗಳ ಮೂಲಕವೋ ಮಾಲಗಾಕ್ಕೆ ಅಥವಾ ಮ್ಯಾಡ್ರಿಡ್‌ಗೆ ವಿಮಾನ ಹಿಡಿಯಬೇಕು. ಮಾಲಗಾ ವಿಮಾನ ನಿಲ್ದಾಣದಿಂದ ರೋಂಡಾ ಸುಮಾರು 100 ಕಿಲೋಮೀಟರ್.

ಬಸ್ಸು ಸುಲಭ. ಮಾಲಗಾದಿಂದ, ಸೆವಿಲ್‌ನಿಂದ ಎರಡು ಗಂಟೆಯ ಆಸುಪಾಸು ಹಿಡಿಯುತ್ತದೆ. ಮ್ಯಾಡ್ರಿಡ್‌ನಿಂದ ಬರುವವರಿಗೆ ನೇರ ರೈಲು ಇದೆ, ಸುಮಾರು ನಾಲ್ಕು ಗಂಟೆ. ಈ ಮಾರ್ಗದಲ್ಲಿ ರೈಲುಗಳೇ ಕಡಿಮೆ, ಆಗಾಗ ಹಳಿ ಕೆಲಸವೂ ನಡೆಯುತ್ತಿರುತ್ತದೆ. ಹಾಗಾಗಿ ಸ್ಪೇನ್ ರೈಲ್ವೆಯ ರೆನ್ಫೆ ಆ್ಯಪಿನಲ್ಲಿ ನೋಡಿಕೊಂಡೇ ಯೋಜನೆ ಹಾಕಿ.

ಕಾರು ಬಾಡಿಗೆಗೆ ತೆಗೆದುಕೊಳ್ಳುವುದಾದರೆ ಹೊರಡುವ ಮುಂಚೆ ಆರ್‌ಟಿಓದಲ್ಲಿ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಅದು ಒಂದು ವರ್ಷಕ್ಕೆ ಸಿಗುತ್ತದೆ. ಜೊತೆಗೆ ಮೂಲ ಲೈಸೆನ್ಸ್ ಕೂಡ ಕೈಯಲ್ಲಿರಬೇಕು. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು. ಗೇರು ಇಲ್ಲದ ಕಾರೇ ಬೇಕು ಅನ್ನುವವರು ಮೊದಲೇ ಕೇಳಿ ಬುಕ್ ಮಾಡಿ. ಕಾರು ಸಣ್ಣದಿದ್ದಷ್ಟೂ ಒಳ್ಳೆಯದು. ಇದನ್ನು ಬಹಳ ಗಟ್ಟಿಯಾಗಿ ಹೇಳುತ್ತೇನೆ, ಯಾಕಂದರೆ ಬಿಳಿ ಊರುಗಳ ಬೀದಿಗಳು ಕತ್ತೆ ಮತ್ತು ಮನುಷ್ಯರು ನಡೆಯಲಿ ಎಂದು ಮಾಡಿದವು, ದೊಡ್ಡ ಕಾರು ಒಮ್ಮೆ ಒಳಗೆ ಹೋದರೆ ಹಿಂದೆ ತರುವುದು ದೊಡ್ಡ ಫಜೀತಿ.

3. ಎಲ್ಲಿ ಉಳಿಯಬೇಕು

ಸೇತುವೆ ಕಾಣುವ ಕಿಟಕಿ ಬೇಕು ಎಂದು ಜನ ತುಂಬ ದುಡ್ಡು ಕೊಡುತ್ತಾರೆ. ನನ್ನ ಪ್ರಕಾರ ಅದು ಬೇಕಾಗಿಲ್ಲ. ಸೇತುವೆ ಎಲ್ಲರದ್ದು, ಎರಡು ನಿಮಿಷ ನಡೆದರೆ ಎದುರಿಗೆ ಸಿಗುತ್ತದೆ. ಹಳೇ ಊರಿನಲ್ಲಿ ರಾತ್ರಿ ನಿಶ್ಶಬ್ದ ಇರುತ್ತದೆ. ಆದರೆ ಸೂಟ್‌ಕೇಸನ್ನು ಕಲ್ಲುಹಾಸಿನ ಮೇಲೆ ಎಳೆಯಬೇಕು. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಸೇತುವೆಯ ಆಚೆ, ಪೇಟೆ ಕಡೆ, ಸೊಕೊರೊ ಚೌಕದ ಸುತ್ತ ರೂಮು ಹಿಡಿಯಿರಿ. ಅಲ್ಲಿ ನೆಲ ಸಮತಟ್ಟು, ಹೋಟೆಲುಗಳು ಹತ್ತಿರ, ಬಸ್ ನಿಲ್ದಾಣ ಮತ್ತು ರೈಲ್ವೆ ಸ್ಟೇಷನ್ನಿಗೂ ನಡೆದೇ ಹೋಗಬಹುದು. ಕಾರಿದ್ದರೆ ನೆಲಮಾಳಿಗೆಯ ಪಾರ್ಕಿಂಗ್ ಕೂಡ ಅಲ್ಲೇ ಇದೆ.

4. ಮೊದಲ ಸಂಜೆ

ಸಾಮಾನು ಇಟ್ಟು ಐದೂವರೆಯ ಮೇಲೆ ಹೊರಡಿ. ನೇರ ಸೇತುವೆಗೆ ಹೋಗಬೇಡಿ. ಮೊದಲು ಅಲಮೆದಾ ದೆಲ್ ತಾಹೊ ಎಂಬ ಪಾರ್ಕಿಗೆ ಹೋಗಿ. ಮರಗಳ ಸಾಲಿನ ಕೊನೆಯಲ್ಲಿ ಕಬ್ಬಿಣದ ಕಟಕಟೆ, ಅದರಾಚೆ ಏನೂ ಇಲ್ಲ. ಬಂಡೆ ನೆಟ್ಟಗೆ ಕೆಳಕ್ಕೆ ಬಿದ್ದಿದೆ, ತಳದಲ್ಲಿ ಹೊಲಗಳು, ದೂರದಲ್ಲಿ ಗ್ರಾಸಾಲೆಮಾ ಬೆಟ್ಟಗಳು. ಇಲ್ಲಿ ನಿಂತರೆ ಈ ಊರನ್ನು ಗೆಲ್ಲುವುದು ಯಾಕೆ ಕಷ್ಟವಾಗಿತ್ತು ಎಂದು ತಾನಾಗಿಯೇ ತಿಳಿಯುತ್ತದೆ. ಬಂಡೆಯಂಚಿನ ಕಾಲುದಾರಿಯಲ್ಲೇ ನಡೆಯುತ್ತಾ ಬಂದರೆ ಸೇತುವೆ ಮೆಲ್ಲಗೆ ಕಣ್ಣಿಗೆ ಬೀಳುತ್ತದೆ.

ಆ ಸೇತುವೆಯ ಹೆಸರು ಪ್ವೆಂತೆ ನ್ವೆವೊ, ಅಂದರೆ ಹೊಸ ಸೇತುವೆ. ಹೊಸದು ಎಂದರೂ ಅದು ಮುಗಿದದ್ದು 1793ರಲ್ಲಿ. ಅದಕ್ಕೂ ಮುಂಚೆ 1735ರಲ್ಲಿ ಇಲ್ಲೇ ಅವಸರದಲ್ಲಿ ಒಂದೇ ಕಮಾನಿನ ಸೇತುವೆ ಕಟ್ಟಿದ್ದರು. ಆರು ವರ್ಷಕ್ಕೆ ಅದು ಕುಸಿದು ಸುಮಾರು 50 ಜನ ಸತ್ತರು. ಆ ಪಾಠ ಕಲಿತು ಎರಡನೇ ಸಲ 1751ರಲ್ಲಿ ಶುರು ಮಾಡಿದವರು ನದಿಯ ತಳದಿಂದಲೇ ಕಲ್ಲು ಕಟ್ಟಿಕೊಂಡು ಬಂದರು. 98 ಮೀಟರ್ ಎತ್ತರ, 42 ವರ್ಷದ ಕೆಲಸ. ಅದನ್ನು ಮುಗಿಸಿದ ವಾಸ್ತುಶಿಲ್ಪಿ ಹೊಸೆ ಮಾರ್ತಿನ್ ದೆ ಅಲ್ದೆವೇಲಾ. ಅವನು ಸೇತುವೆಯಿಂದಲೇ ಬಿದ್ದು ಸತ್ತ ಎಂಬ ಕಥೆಯನ್ನು ಗೈಡುಗಳು ಇನ್ನೂ ಹೇಳುತ್ತಾರೆ. ನಂಬಬೇಡಿ, ಅವನು ಸತ್ತದ್ದು 1802ರಲ್ಲಿ, ಮಾಲಗಾದಲ್ಲಿ. ನಡುವಿನ ಕಮಾನಿನ ಮೇಲೆ ಒಂದು ಕೋಣೆ ಕಾಣುತ್ತದಲ್ಲ, ಅದನ್ನು ಒಂದು ಕಾಲದಲ್ಲಿ ಜೈಲಾಗಿ ಬಳಸುತ್ತಿದ್ದರು.

5. ಊರಿಗಾಗಿ ಒಂದು ಇಡೀ ದಿನ

ಬೆಳಿಗ್ಗೆ ಎಂಟಕ್ಕೆ ಹೊರಡಿ, ಕಂದಕದ ತಳಕ್ಕೆ ಇಳಿಯುವ ಕೆಲಸ ಮೊದಲು ಮುಗಿಸಿ. ಸೇತುವೆ ದಾಟಿ ಬಲಕ್ಕೆ ತಿರುಗಿ ಮಾರಿಯಾ ಔಕ್ಸಿಲಿಯಾದೋರಾ ಚೌಕಕ್ಕೆ ಬನ್ನಿ. ಅಲ್ಲಿಂದ ಇಳಿಯುವ ಕಾಲುದಾರಿ ಅಂಕುಡೊಂಕು, ಕೆಲವು ಕಡೆ ಸಡಿಲ ಮಣ್ಣು. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ. ಅರ್ಧ ದಾರಿ ಇಳಿದರೂ ಸಾಕು, ಸೇತುವೆ ಪೂರ್ತಿಯಾಗಿ ಎದುರಿಗೆ ನಿಲ್ಲುತ್ತದೆ. ಮೇಲೆ ನಿಂತಾಗ ಕಾಣುವುದು ರಸ್ತೆ ಮಾತ್ರ. ಅದರ ನಿಜವಾದ ಗಾತ್ರ ಗೊತ್ತಾಗುವುದು ಕೆಳಗಿನಿಂದಲೇ.

ಮೇಲೆ ಹತ್ತಿ ಬಂದ ಮೇಲೆ ಹಳೇ ಊರಿನ ಇನ್ನೊಂದು ಮಗ್ಗುಲಿಗೆ ಹೋಗಿ. ಸಾಂತೊ ದೊಮಿಂಗೊ ಬೀದಿ ಇಳಿಜಾರು. ಅಲ್ಲಿ ಮೂರಿಷ್ (ಅಂದರೆ ಇಲ್ಲಿ ಆಳಿದ ಮುಸ್ಲಿಂ) ರಾಜನ ಮನೆ ಎಂದು ಬೋರ್ಡು ಇರುವ ಕಟ್ಟಡ ಸಿಗುತ್ತದೆ. ಅದು 18ನೇ ಶತಮಾನದ ಮನೆ, ಅಲ್ಲಿ ಯಾವ ಮೂರಿಷ್ ರಾಜನೂ ಇರಲಿಲ್ಲ. ನೋಡಬೇಕಾದದ್ದು ಮನೆಯಲ್ಲ, ಅದರ ಕೆಳಗೆ ಬಂಡೆ ಕೊರೆದು ಮಾಡಿದ ನೀರಿನ ಸುರಂಗ. ಸುಮಾರು 200 ಮೆಟ್ಟಿಲು ಇಳಿದರೆ ನದಿಯ ಮಟ್ಟ. ಮುತ್ತಿಗೆ ಬಿದ್ದಾಗ ಊರಿಗೆ ನೀರು ಇಲ್ಲಿಂದಲೇ. ಗುಲಾಮರು ಮೆಟ್ಟಿಲ ಮೇಲೆ ಸಾಲಾಗಿ ನಿಂತು ತೊಗಲಿನ ಚೀಲ ಕೈಯಿಂದ ಕೈಗೆ ದಾಟಿಸುತ್ತಿದ್ದರಂತೆ. 1485ರಲ್ಲಿ ಊರು ಬೇಗ ಶರಣಾಗಲು ಈ ನೀರಿನ ದಾರಿ ಕಡಿದುಹೋದದ್ದೂ ಒಂದು ಕಾರಣ ಎನ್ನುತ್ತಾರೆ. ಮೆಟ್ಟಿಲು ಒದ್ದೆ, ಕತ್ತಲೆ, ಎತ್ತರ ಒಂದೇ ಸಮ ಇಲ್ಲ. ಮಂಡಿ ನೋವಿರುವವರು ಇಳಿಯಬೇಡಿ, ತೋಟದಲ್ಲಿ ಕೂತಿರಿ. 1912ರಲ್ಲಿ ಫ್ರೆಂಚ್ ತೋಟಗಾರ ಫೊರೆಸ್ತಿಯೆ ರೂಪಿಸಿದ ಆ ತೋಟವೂ ಚೆಂದವೇ.

ಅದೇ ಇಳಿಜಾರಿನಲ್ಲಿ ಮುಂದೆ ಹೋದರೆ ಹಳೇ ಸೇತುವೆ, ಆಮೇಲೆ ಅರಬ್ ಸ್ನಾನಗೃಹ. ಯಾವ ಟಿಕೆಟ್ ಬಿಟ್ಟರೂ ಇದರ ಟಿಕೆಟ್ ಬಿಡಬೇಡಿ. 13-14ನೇ ಶತಮಾನದ್ದು, ಸ್ಪೇನಿನಲ್ಲಿ ಚೆನ್ನಾಗಿ ಉಳಿದಿರುವ ಕೆಲವೇ ಸ್ನಾನಗೃಹಗಳಲ್ಲಿ ಒಂದು. ತಣ್ಣನೆಯ, ಬೆಚ್ಚಗಿನ, ಬಿಸಿಯ ಎಂದು ಮೂರು ಕೋಣೆಗಳು. ಇಟ್ಟಿಗೆಯ ಕಮಾನು ಚಾವಣಿಯಲ್ಲಿ ನಕ್ಷತ್ರದ ಆಕಾರದ ಬೆಳಕಿಂಡಿಗಳು. ಪಕ್ಕದ ಹಳ್ಳದಿಂದ ಪ್ರಾಣಿ ಎಳೆಯುವ ರಾಟೆಯಲ್ಲಿ ನೀರೆತ್ತಿ, ಸಣ್ಣ ಮೇಲ್ಗಾಲುವೆಯಲ್ಲಿ ಹರಿಸಿ, ಒಲೆಯಲ್ಲಿ ಕಾಯಿಸಿ, ಒಲೆಯ ಬಿಸಿ ಗಾಳಿಯನ್ನು ನೆಲದ ಕೆಳಗೆ ಬಿಡುತ್ತಿದ್ದರು. ಒಳಗೆ ಒಂದು ಸಣ್ಣ ವಿಡಿಯೋ ತೋರಿಸುತ್ತಾರೆ. ಮೊದಲು ಅದನ್ನು ನೋಡಿ, ಆಮೇಲೆ ಕೋಣೆಗಳನ್ನು ಸುತ್ತಿ. ಇಡೀ ವ್ಯವಸ್ಥೆ ಕಣ್ಣಿಗೆ ಕಟ್ಟುತ್ತದೆ.

ಅಲ್ಲಿಂದ ಕೋಟೆ ಗೋಡೆ ಹಿಡಿದು ಮೇಲೆ ಹತ್ತಿದರೆ ದೂಕೆಸಾ ದೆ ಪಾರ್ಸೆಂತ್ ಚೌಕ. ಅಲ್ಲಿರುವ ಸಾಂತಾ ಮಾರಿಯಾ ಚರ್ಚ್ ನಿಂತಿರುವುದು ಹಳೇ ಮಸೀದಿಯ ಜಾಗದಲ್ಲಿ. ಹತ್ತಿರದ ಮೊಂದ್ರಗೊನ್ ಅರಮನೆಯ ಅಂಗಳ ಮತ್ತು ಪುಟ್ಟ ತೋಟಕ್ಕೆ ಅರ್ಧ ಗಂಟೆ ಕೊಡಿ. ಊಟಕ್ಕೆ ಸೇತುವೆ ಬದಿ ಬೇಡ. ಹಳೇ ಊರು ದಾಟಿ ಅಲ್ಮೊಕಾಬರ್ ಬಾಗಿಲಿನಿಂದಾಚೆ ಸಾನ್ ಫ್ರಾನ್ಸಿಸ್ಕೊ ಬಡಾವಣೆಗೆ ಹೋಗಿ. ಊರಿನವರೇ ಕೂತು ತಿನ್ನುವ ಜಾಗಗಳು ಅಲ್ಲಿವೆ.

ಗೂಳಿ ಕಾಳಗದ ಮೈದಾನವನ್ನು ನೋಡಬೇಕಾ ಬೇಡವಾ ಎಂದು ಹಲವರು ಕೇಳುತ್ತಾರೆ. ನನಗೆ ಆ ಆಟ ಇಷ್ಟವಿಲ್ಲ. ಆದರೂ ಕಟ್ಟಡ ನೋಡಿ ಎನ್ನುತ್ತೇನೆ. ಸೇತುವೆ ಕಟ್ಟಿದ ಅದೇ ವಾಸ್ತುಶಿಲ್ಪಿಯದ್ದು, 1785ರಲ್ಲಿ ತೆರೆದದ್ದು, 66 ಮೀಟರ್ ಅಗಲದ ಮರಳಿನ ವೃತ್ತ, ಸುತ್ತ ಎರಡು ಸಾಲು ಕಲ್ಲಿನ ಕಮಾನು. ವರ್ಷದ ಹೆಚ್ಚಿನ ದಿನ ಅದು ಖಾಲಿ. ಸೆಪ್ಟೆಂಬರ್ ಜಾತ್ರೆಯಲ್ಲಿ ಮಾತ್ರ ಎಚ್ಚರ ಇರಲಿ, ಆಗ ನಿಜವಾದ ಕಾಳಗ ನಡೆಯುತ್ತದೆ.

6. ಇಷ್ಟು ಬಿಳಿ ಯಾಕೆ

ಹಳ್ಳಿಗಳಿಗೆ ಹೊರಡುವ ಮುಂಚೆ ಇದೊಂದು ತಿಳಿದಿರಲಿ. ಆ ಬಿಳುಪು ಪ್ರವಾಸಿಗರಿಗೆಂದು ಬಂದದ್ದಲ್ಲ. ನಮ್ಮ ಊರುಗಳಲ್ಲಿ ಹಬ್ಬದ ಮುಂಚೆ ಮನೆಗೆ ಸುಣ್ಣ ಹೊಡೆಯುತ್ತಿದ್ದರಲ್ಲ, ಅದೇ ಸುಣ್ಣ, ಅದೇ ರೂಢಿ. ಈ ಬೆಟ್ಟಗಳೆಲ್ಲ ಸುಣ್ಣದ ಕಲ್ಲು. ಅದನ್ನು ಗೂಡಿನಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ, ವರ್ಷಾವರ್ಷ ಗೋಡೆಗೆ ಬಳಿಯುತ್ತಿದ್ದರು. ಬಿಸಿಲು ಹಿಂದಕ್ಕೆ ಹೊಡೆಯುತ್ತದೆ, ಹುಳುಹುಪ್ಪಟೆ ದೂರ, ಸಾಂಕ್ರಾಮಿಕ ರೋಗ ಬಂದಾಗ ಗೋಡೆ ಶುಚಿ ಮಾಡಲೂ ಅದೇ ಗತಿ. ಪದರದ ಮೇಲೆ ಪದರ ಕೂತು ಹಳೇ ಗೋಡೆಗಳ ಮೂಲೆಗಳೆಲ್ಲ ದುಂಡಗಾಗಿವೆ, ಕೈಯಿಂದ ಸವರಿ ನೋಡಿ. ಸೆವಿಲ್ ಹತ್ತಿರದ ಮೊರೋನ್ ದೆ ಲಾ ಫ್ರೊಂತೆರಾ ಊರಿನಲ್ಲಿ ಸುಣ್ಣ ಸುಡುವ ಕಸುಬನ್ನು ಉಳಿಸುವ ಕೆಲಸಕ್ಕೆ 2011ರಲ್ಲಿ ಯುನೆಸ್ಕೊ ಮನ್ನಣೆಯೂ ಸಿಕ್ಕಿದೆ. ಈಗ ಬಹಳ ಮನೆಗಳಿಗೆ ಡಬ್ಬಿ ಪೇಂಟ್ ಬಂದಿದೆ. ವ್ಯತ್ಯಾಸ ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ.

7. ಕಾರಿನಲ್ಲಿ ಬಿಳಿ ಊರುಗಳ ಸುತ್ತು

ಕ್ರಮ ಹೀಗಿರಲಿ: ರೋಂಡಾ, ಸೆತೆನಿಲ್, ಓಲ್ವೆರಾ, ಜಹಾರಾ, ಗ್ರಾಸಾಲೆಮಾ, ವಾಪಸ್ ರೋಂಡಾ. ಒಂದು ಪೂರ್ತಿ ದಿನ ಬೇಕು. ಸಾಧ್ಯವಾದರೆ ಶನಿವಾರ, ಭಾನುವಾರ ಬಿಟ್ಟು ಹೋಗಿ.

ಸೆತೆನಿಲ್ ದೆ ಲಾಸ್ ಬೊದೆಗಾಸ್‌ಗೆ ಬೆಳಿಗ್ಗೆ ಒಂಬತ್ತರೊಳಗೆ ಮುಟ್ಟಿ. ಹತ್ತೂವರೆ ನಂತರ ಜನವೋ ಜನ. ತ್ರೆಹೊ ನದಿ ಕೊರೆದ ಬಂಡೆಯ ಚಾಚಿನ ಕೆಳಗೆ ಮುಂದಿನ ಗೋಡೆ ಮಾತ್ರ ಕಟ್ಟಿ ಮನೆ ಮಾಡಿಕೊಂಡಿದ್ದಾರೆ, ಚಾವಣಿ ಎಂದರೆ ಬಂಡೆಯೇ. ಒಂದು ಬೀದಿಗೆ ಬಿಸಿಲಿನ ಗುಹೆಗಳು ಎಂದು ಹೆಸರು, ಇನ್ನೊಂದಕ್ಕೆ ನೆರಳಿನ ಗುಹೆಗಳು. ನೆರಳಿನ ಬೀದಿಯಲ್ಲಿ ಬಂಡೆ ಎರಡೂ ಕಡೆಯ ಮನೆಗಳ ಮೇಲೆ ಚಾಚಿಕೊಂಡು ಬೀದಿಯನ್ನೇ ಮುಚ್ಚಿದೆ. ಕಾರನ್ನು ಊರ ಹೊರಗೆ ನಿಲ್ಲಿಸಿ ನಡೆದೇ ಹೋಗಿ. ಜಿಪಿಎಸ್ ನೇರ ಗುಹೆ ಬೀದಿಗೇ ಕರೆದೊಯ್ಯಲು ನೋಡುತ್ತದೆ, ಕೇಳಬೇಡಿ. ಆಮೇಲೆ ಮೇಲಿನ ಕೋಟೆ ಗೋಪುರಕ್ಕೂ ಹತ್ತಿ. ಬಹಳ ಜನ ಹತ್ತುವುದಿಲ್ಲ, ಊರು ನದಿಯ ಜೊತೆ ಹೇಗೆ ಬಳುಕಿಕೊಂಡಿದೆ ಎಂಬುದು ಅಲ್ಲಿಂದಲೇ ಕಾಣುವುದು.

ಓಲ್ವೆರಾ ಹತ್ತಿರದಲ್ಲೇ ಇದೆ. ಆಲಿವ್ ತೋಟಗಳ ನಡುವೆ ಗುಡ್ಡ, ಗುಡ್ಡದ ತಲೆಯ ಮೇಲೆ ಕೋಟೆ ಮತ್ತು ಎರಡು ಗೋಪುರದ ಚರ್ಚ್. ಅವಸರ ಇದ್ದರೆ ರಸ್ತೆಯಿಂದಲೇ ನೋಡಿ ಮುಂದೆ ಹೋಗಬಹುದು. ಸೈಕಲ್ ಹುಚ್ಚಿರುವವರಿಗೆ ಮಾತ್ರ ಬೇರೆ ಮಾತು: ಇಲ್ಲಿಂದ ಪ್ವೆರ್ತೊ ಸೆರಾನೊವರೆಗೆ 36 ಕಿಲೋಮೀಟರ್, ರೈಲಿಗೆಂದು ಹಾಸಿದ ದಾರಿ ಇದೆ. ರೈಲು ಒಂದು ದಿನವೂ ಓಡಲಿಲ್ಲ. ಈಗ ಅದು ಸೈಕಲ್ ಮತ್ತು ಕಾಲ್ನಡಿಗೆಯ ಮಾರ್ಗ, ನಡುವೆ 30 ಸುರಂಗಗಳು, ಸಾಫ್ರಾಮಗೋನ್ ಬಂಡೆಯ ಮೇಲೆ ರಣಹದ್ದುಗಳ ದೊಡ್ಡ ಹಿಂಡು. ಅದಕ್ಕೆ ಪ್ರತ್ಯೇಕ ದಿನ ಇಡಿ.

ಜಹಾರಾ ದೆ ಲಾ ಸಿಯೆರಾ ನನ್ನ ಅತ್ಯಂತ ಪ್ರೀತಿಯ ಊರು. ಕೆಳಗೆ ಹಸಿರುನೀಲಿ ಜಲಾಶಯ, ನಡುವೆ ಬಿಳಿ ಮನೆಗಳ ಪಟ್ಟಿ, ಮೇಲೆ ಒಂಟಿ ಗೋಪುರ. ಈ ಇಡೀ ಪ್ರದೇಶದ ಕಥೆ ಇಲ್ಲಿಂದಲೇ ತಿರುವು ಪಡೆಯಿತು. ಆಗ ಇದು ಕ್ರೈಸ್ತ ರಾಜ್ಯಕ್ಕೂ ಗ್ರನಾದಾದ ಮುಸ್ಲಿಂ ರಾಜ್ಯಕ್ಕೂ ನಡುವಿನ ಗಡಿ. ಆ ಕಾರಣಕ್ಕೇ ಊರುಗಳೆಲ್ಲ ಗುಡ್ಡದ ತುದಿ ಹಿಡಿದು ಕೂತಿವೆ. 1481ರ ಡಿಸೆಂಬರಿನಲ್ಲಿ ಗ್ರನಾದಾದ ಸುಲ್ತಾನನ ಸೈನ್ಯ ಜಹಾರಾವನ್ನು ಕ್ರೈಸ್ತರಿಂದ ಕಿತ್ತುಕೊಂಡಿತು. ಮರುವರ್ಷವೇ ಗ್ರನಾದಾ ಯುದ್ಧ ಶುರುವಾಯಿತು. 1484ರಲ್ಲಿ ಸೆತೆನಿಲ್, 1485ರಲ್ಲಿ ರೋಂಡಾ, ಕೊನೆಗೆ 1492ರಲ್ಲಿ ಗ್ರನಾದಾ ಬಿದ್ದವು. ಬೆಳಿಗ್ಗೆ ಬಂಡೆ ಕೆಳಗೆ ನಡೆದ ಸೆತೆನಿಲ್, ರಾತ್ರಿ ಮಲಗುವ ರೋಂಡಾ, ಎರಡರ ಹಣೆಬರಹವೂ ಈ ಗೋಪುರದ ಬುಡದಲ್ಲಿ ಬದಲಾಯಿತು. ಅಷ್ಟು ತಿಳಿದುಕೊಂಡು ಹತ್ತಿದರೆ ಏದುಸಿರು ಸಾರ್ಥಕ. ನೀರಿನ ಬಾಟಲಿ ಮರೆಯಬೇಡಿ, ದಾರಿಯಲ್ಲಿ ನೆರಳಿಲ್ಲ.

ಜಹಾರಾದಿಂದ ಗ್ರಾಸಾಲೆಮಾಕ್ಕೆ ಪಾರಿವಾಳಗಳ ಕಣಿವೆ ರಸ್ತೆ ಹಿಡಿಯಿರಿ. 1,357 ಮೀಟರ್ ಎತ್ತರದವರೆಗೆ ಏರುತ್ತದೆ. ತಿರುವಿನ ಮೇಲೆ ತಿರುವು, ಅಗಲ ಕಡಿಮೆ. ವಾಂತಿ ಬರುವ ಸ್ವಭಾವದವರು ಮುಂದಿನ ಸೀಟಿನಲ್ಲಿ ಕೂರಲಿ. ಮಂಜು ಇದ್ದರೆ ಈ ದಾರಿ ಬೇಡ, ಕೆಳಗಿನ ದೊಡ್ಡ ರಸ್ತೆಯಲ್ಲಿ ಹೋಗಿ.

ಗ್ರಾಸಾಲೆಮಾ ಇಡೀ ಸ್ಪೇನಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಅಟ್ಲಾಂಟಿಕ್‌ನಿಂದ ಬರುವ ತೇವದ ಗಾಳಿಗೆ ಮೊದಲು ಎದುರಾಗುವ ಎತ್ತರದ ಬೆಟ್ಟ ಇದೇ, ಹಾಗಾಗಿ ವರ್ಷಕ್ಕೆ ಸರಾಸರಿ 2,000 ಮಿಲಿಮೀಟರ್ ಆಸುಪಾಸು ಮಳೆ. ಈ ಮಳೆಯ ಆಸರೆಯಲ್ಲೇ ಪಿನ್ಸಾಪೊ ಎಂಬ ಅಪರೂಪದ ಮರ ಬದುಕಿದೆ. ಹಿಮಯುಗದಿಂದ ಉಳಿದುಬಂದ ಜಾತಿ, ಕಾಡಾಗಿ ಕಾಣಸಿಗುವುದು ಈ ಬೆಟ್ಟಗಳ ಸುತ್ತಮುತ್ತ ಮಾತ್ರ. ಆ ಕಾಡಿನೊಳಗೆ ನಡೆಯಲು ಮೊದಲೇ ಅನುಮತಿ ಪಡೆಯಬೇಕು, ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ನಿರ್ಬಂಧವೂ ಇರುತ್ತದೆ. ಊರಿನಲ್ಲಿ ಎರಡು ವಸ್ತು ಕೊಳ್ಳಬಹುದು: ಉಣ್ಣೆಯ ಕಂಬಳಿ, ಮತ್ತು ಪಯೋಯೊ ತಳಿಯ ಮೇಕೆ ಹಾಲಿನ ಚೀಸ್.

ದಿನ ಉಳಿದಿದ್ದರೆ ದಕ್ಷಿಣದ ಹೆನಾಲ್ ಕಣಿವೆಗೂ ಹೋಗಬಹುದು. ಅಲ್ಲಿ ಹೂಸ್ಕರ್ ಎಂಬ ಊರು ಪೂರ್ತಿ ನೀಲಿ. 2011ರಲ್ಲಿ ಒಂದು ಸಿನಿಮಾ ಪ್ರಚಾರಕ್ಕೆಂದು ಬಳಿದರು, ಆಮೇಲೆ ಊರಿನವರೇ ನೀಲಿ ಇರಲಿ ಎಂದು ತೀರ್ಮಾನಿಸಿದರು. ಮಕ್ಕಳಿದ್ದರೆ ಸರಿ. ಇಲ್ಲದಿದ್ದರೆ ನವೆಂಬರ್ ಮೊದಲ ವಾರಗಳಲ್ಲಿ ಮಾತ್ರ ಈ ಕಣಿವೆಗೆ ಬನ್ನಿ, ಚೆಸ್ಟ್‌ನಟ್ ಕಾಡು ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ.

8. ಕಾರಿಲ್ಲದವರಿಗೆ

ಸೆತೆನಿಲ್, ಗ್ರಾಸಾಲೆಮಾಕ್ಕೆ ಬಸ್ಸುಗಳಿವೆ, ಆದರೆ ಕಡಿಮೆ, ವಾರಾಂತ್ಯದಲ್ಲಂತೂ ನಂಬಿಕೊಂಡು ಹೋಗಬೇಡಿ. ಅದಕ್ಕಿಂತ ರೈಲು ಹಿಡಿದು ಬೆನಾಒಹಾನ್‌ಗೆ ಹೋಗಿ. ಸ್ಟೇಷನ್ ಸಮೀಪದಲ್ಲೇ ಬೆಕ್ಕಿನ ಗುಹೆ ಎಂಬ ದೊಡ್ಡ ಗುಹೆಬಾಯಿ, ಅದರೊಳಗಿಂದ ನದಿ ಹೊರಬಂದು ಮಂಜಿನಷ್ಟು ತಣ್ಣನೆಯ ಹೊಂಡವಾಗಿದೆ. ಇದೇ ನೀರು ಬೆಟ್ಟದಾಚೆ ಮೊಂತೆಹಾಕೆ ಬಳಿ ನೆಲದೊಳಗೆ ನುಗ್ಗುತ್ತದೆ. 1920ರ ದಶಕದಲ್ಲಿ ವಿದ್ಯುತ್ತಿಗೆಂದು ಅಲ್ಲಿ ಎತ್ತರದ ಅಣೆಕಟ್ಟು ಕಟ್ಟಿದರು. ಸುಣ್ಣಕಲ್ಲಿನ ಬಿರುಕುಗಳಲ್ಲಿ ನೀರು ಸೋರಿಹೋಗಿ ಯೋಜನೆಯೇ ಕೈಬಿಟ್ಟಿತು, ಗೋಡೆ ಮಾತ್ರ ನಿಂತಿದೆ.

ಬೆನಾಒಹಾನ್ ಬಳಿಯ ಪಿಲೆತಾ ಗುಹೆಯನ್ನು 1905ರಲ್ಲಿ ಹೊಸೆ ಬುಲ್ಯೋನ್ ಎಂಬ ರೈತ ಕಂಡುಹಿಡಿದ. ಒಳಗೆ ಹಳೇ ಶಿಲಾಯುಗದ ಚಿತ್ರಗಳು: ಕುದುರೆ, ಮೇಕೆ, ಒಂದು ದೊಡ್ಡ ಮೀನು. ಗೈಡ್ ಜೊತೆ ಸಣ್ಣ ಗುಂಪಿನಲ್ಲಷ್ಟೇ ಪ್ರವೇಶ, ಮೊದಲೇ ಬುಕ್ ಮಾಡಬೇಕು, ಫೋಟೋ ತೆಗೆಯುವಂತಿಲ್ಲ. ಸ್ಟೇಷನ್ನಿನಿಂದ ಏರು ದಾರಿ, ಟ್ಯಾಕ್ಸಿ ಹಿಡಿಯಿರಿ. ನಡೆಯುವ ಆಸೆ ಇದ್ದವರು ಗ್ವಾದಿಯಾರೊ ನದಿಯ ದಡದಲ್ಲಿ ಮುಂದಿನ ಸ್ಟೇಷನ್ ಹಿಮೆರಾ ದೆ ಲಿಬಾರ್‌ವರೆಗೆ ನಡೆದು ಅಲ್ಲಿಂದ ರೈಲಿನಲ್ಲಿ ವಾಪಸ್ ಬರಬಹುದು. ವಾಪಸ್ ರೈಲಿನ ಸಮಯ ಮೊದಲು ನೋಡಿ, ಆಮೇಲೆ ಹೊರಡಿ.

9. ಸಸ್ಯಾಹಾರಿಗಳಿಗೆ ಊಟ

ಉಪವಾಸ ಇರಬೇಕಾಗಿಲ್ಲ, ಆದರೆ ಕೇಳಿ ತಿನ್ನಬೇಕು. ಅಲ್ಲಿ ಹಂದಿಮಾಂಸದ ಚೂರನ್ನು ಮಾಂಸ ಎಂದೇ ಲೆಕ್ಕಕ್ಕೆ ಹಿಡಿಯದ ಹೋಟೆಲುಗಳಿವೆ. ತರಕಾರಿ ಪಲ್ಯ ಎಂದು ಬಂದ ತಟ್ಟೆಯಲ್ಲೂ ಅದು ಇರಬಹುದು. "ಸಿನ್ ಹಾಮೋನ್, ಸಿನ್ ಆತೂನ್, ಪೊರ್ ಫಾವೊರ್" ಎಂದು ಹೇಳಿ: ಹಂದಿಮಾಂಸ ಬೇಡ, ಟ್ಯೂನಾ ಮೀನು ಬೇಡ. ಧೈರ್ಯವಾಗಿ ಕೇಳಬಹುದಾದವು: ಬದನೆಕಾಯಿ ಕರಿದು ಕಬ್ಬಿನ ಕಾಕಂಬಿ ಸುರಿದು ಕೊಡುವ ತಿಂಡಿ, ಕಡಲೆಕಾಳು ಹಾಕಿದ ಪಾಲಕ್, ತಣ್ಣನೆಯ ಟೊಮೆಟೊ ಸೂಪು ಗಸ್ಪಾಚೊ. ಸಾಲ್ಮೊರೆಹೊ ಎಂಬ ಗಟ್ಟಿ ಸೂಪಿನ ಮೇಲೆ ಮೊಟ್ಟೆ, ಹಾಮೋನ್ ಉದುರಿಸುತ್ತಾರೆ, ಬೇಡ ಎಂದರೆ ಬಿಡುತ್ತಾರೆ. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆ ತೊರ್ತಿಯಾ, ಅಂದರೆ ದಪ್ಪ ಆಮ್ಲೆಟ್, ಎಲ್ಲ ಕಡೆ ಸಿಗುತ್ತದೆ. ರೋಂಡಾದ ಯೆಮಾಸ್ ಎಂಬ ಸಿಹಿ ಮೊಟ್ಟೆಯ ಹಳದಿಯಿಂದ ಮಾಡಿದ್ದು, ಗೊತ್ತಿರಲಿ. ಖಾರ ಎಲ್ಲೂ ಇರುವುದಿಲ್ಲ. ಚಟ್ನಿಪುಡಿ ಡಬ್ಬ ಬ್ಯಾಗಿನಲ್ಲಿರಲಿ.

ಊಟದ ಹೊತ್ತು ಒಂದೂವರೆಯಿಂದ ನಾಲ್ಕು, ರಾತ್ರಿ ಎಂಟೂವರೆಯ ಮೇಲೆ. ಸಂಜೆ ಆರಕ್ಕೆ ಹಸಿವಾದರೆ ಬಾರಿನಲ್ಲಿ ಸಣ್ಣ ತಟ್ಟೆಯ ತಾಪಾಸ್ ಸಿಗುತ್ತದೆ. ಹಳ್ಳಿಗಳಲ್ಲಿ ಮಧ್ಯಾಹ್ನ ಎರಡರಿಂದ ಐದರವರೆಗೆ ಅಂಗಡಿ ಬಾಗಿಲು ಹಾಕಿರುತ್ತವೆ. ಹಣ್ಣು, ಬ್ರೆಡ್ಡು ಬೆಳಿಗ್ಗೆಯೇ ಕೊಂಡಿಟ್ಟುಕೊಳ್ಳಿ. ಕೊಳಾಯಿ ನೀರು ಕುಡಿಯಬಹುದು. ಸಣ್ಣ ಬಾರುಗಳಿಗೆ ಸ್ವಲ್ಪ ನಗದು ಇಟ್ಟುಕೊಳ್ಳಿ.

ಇನ್ನೊಂದು ಮಾತು. ಈ ಊರುಗಳ ಮನೆಗಳಲ್ಲಿ ಜನ ವಾಸ ಇದ್ದಾರೆ. ಬಾಗಿಲು ತೆರೆದಿದೆ, ಒಳಗೆ ಹೂಕುಂಡದ ಅಂಗಳ ಕಾಣುತ್ತದೆ ಎಂದು ನುಗ್ಗಬೇಡಿ. ಹೊಸ್ತಿಲಲ್ಲಿ ಕೂತ ಅಜ್ಜಿಯ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮುಂಚೆ ಬ್ವೆನೊಸ್ ದಿಯಾಸ್ ಎಂದು ಹೇಳಿ, ಕೇಳಿ. ಹೆಚ್ಚಿನವರು ಬೇಡ ಎನ್ನುವುದಿಲ್ಲ.

10. ಹೊರಡುವ ದಿನ

ಮಾಲಗಾಕ್ಕೆ ವಾಪಸ್ ಹೋಗುವವರು ಮಾರ್ಬೆಯಾ ಕಡೆಯ ಬೆಟ್ಟದ ರಸ್ತೆಯಲ್ಲಿ ಇಳಿದರೆ ಸಮುದ್ರ ಕಾಣುತ್ತದೆ, ಆದರೆ ತಿರುವುಗಳು ಜಾಸ್ತಿ, ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಜಿಬ್ರಾಲ್ಟರ್ ಅಥವಾ ಮೊರಾಕೊ ಕಡೆ ಹೋಗುವವರಿಗೆ ಅಲ್ಜೆಸಿರಾಸ್ ರೈಲೇ ಸರಿ. 1890ರ ದಶಕದ ಆರಂಭದಲ್ಲಿ ಬ್ರಿಟಿಷ್ ಕಂಪನಿಯೊಂದು ಹಾಕಿದ ಮಾರ್ಗ, ಗ್ವಾದಿಯಾರೊ ಕಣಿವೆಯ ಗುಂಟ ಸುರಂಗ, ಸೇತುವೆ ದಾಟುತ್ತಾ ಎರಡು ಗಂಟೆಯೊಳಗೆ ಬಂದರಿಗೆ ಇಳಿಸುತ್ತದೆ. ಟಿಕೆಟ್ ಹಿಂದಿನ ದಿನವೇ ತೆಗೆದುಕೊಳ್ಳಿ.